ಲಕ್ವಾ ಹೊಡೆದ ಕೈಗೆ ರೋಬೋಟ್ ಬೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ, ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಈಗ ಕೋಲು ಹಿಡಿದು ನಡೆಯುತ್ತಾರೆ. ಭುಜ, ಮೊಣಕೈ ಸ್ವಲ್ಪ ಆಡುತ್ತವೆ. ಬೆರಳುಗಳು ಮುಚ್ಚುತ್ತವೆ, ಆದರೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ರೋಬೋಟ್‌ನಿಂದ ಕೈ ಸರಿಮಾಡುತ್ತಾರೆಂದು ನೆಂಟರು ಹೇಳುತ್ತಾರೆ. ಬಂಗಾರ ಒತ್ತೆಯಿಟ್ಟು ಕರೆದೊಯ್ಯಬೇಕೆ?
— ಓದುಗರೊಬ್ಬರು, ಇಳಕಲ್

ಉತ್ತರ: ಬಂಗಾರ ಸದ್ಯಕ್ಕೆ ಮನೆಯಲ್ಲೇ ಇರಲಿ.

ರೋಬೋಟ್ ಎಂದ ಕೂಡಲೇ ಅದು ಸತ್ತ ನರವನ್ನು ಎಬ್ಬಿಸುವ ಯಂತ್ರವೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಅದು ವ್ಯಾಯಾಮ ಮಾಡಿಸುವ ಯಂತ್ರ. ಈ ಬಗೆಯ ಮೊದಲಿನವುಗಳಲ್ಲೊಂದಾದ, ಅಮೆರಿಕದಲ್ಲಿ ರೂಪುಗೊಂಡ ಎಂಐಟಿ-ಮ್ಯಾನಸ್‌ನಲ್ಲಿ ರೋಗಿಯು ಮೇಜಿನ ಮುಂದೆ ಕುಳಿತು, ಹಿಡಿಕೆಯನ್ನು ಆಡಿಸುತ್ತ, ಪರದೆಯ ಮೇಲಿನ ಚುಕ್ಕೆಯನ್ನು ಗುರಿಗೆ ಮುಟ್ಟಿಸಬೇಕು. ಕೈ ಸೋತ ಕಡೆ ಯಂತ್ರ ನೆರವಾಗುತ್ತದೆ. ಮಿದುಳಿನ ಉಳಿದ ಭಾಗಗಳು ಕೈಯ ಕೆಲಸವನ್ನು ಮತ್ತೆ ಕಲಿಯುವುದು ಪುನರಾವರ್ತನೆಯಿಂದಲೇ ಆದ್ದರಿಂದ, ಒಂದೇ ಚಲನೆಯನ್ನು ಬೇಸರವಿಲ್ಲದೆ ನೂರಾರು ಸಲ ಮಾಡಿಸುವ ಅದರ ಗುಣ ಚಿಕ್ಕದಲ್ಲ.

ಆದರೆ ಫಲ? ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ಇದೇ ಯಂತ್ರವನ್ನು ಪರೀಕ್ಷಿಸಿದ ಅಧ್ಯಯನವು 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಬಾರಿ, 45 ನಿಮಿಷದಂತೆ, 12 ವಾರ ರೋಬೋಟ್ ಚಿಕಿತ್ಸೆ ಪಡೆದವರಲ್ಲಿ ತೋಳಿನ ಚಲನೆ ತುಸು ಸುಧಾರಿಸಿತಾದರೂ, ವಸ್ತು ಹಿಡಿದು ಎತ್ತಿಡುವಂಥ ನಿಜವಾದ ಕೆಲಸದಲ್ಲಿ ಅವರು ಸಾಮಾನ್ಯ ಚಿಕಿತ್ಸೆಯವರಿಗಿಂತ ಮುಂದೆ ಹೋಗಲಿಲ್ಲ. ನನಗೆ ಇದು ಅಚ್ಚರಿಯೆನಿಸುವುದಿಲ್ಲ: ಹಿಡಿಕೆ ದೂಡಲು ಪಳಗಿದ ಕೈ ಲಾಳಿ ಓಡಿಸಲು ಪಳಗಿರಬೇಕೆಂದೇನೂ ಇಲ್ಲ.

ತಂದೆಯವರ ಬೆರಳು ಅಷ್ಟಿಷ್ಟಾದರೂ ಬಿಚ್ಚಿಕೊಳ್ಳುತ್ತಿರುವುದೇ ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ. ಚೇತರಿಕೆಯು ಮೊದಲ ಮೂರು ತಿಂಗಳಲ್ಲಿ ಹೆಚ್ಚು ವೇಗವಾಗಿರುತ್ತದೆ, ನಿಜ. ಆಮೇಲೆ ಅದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಬಾಗಲಕೋಟೆಯಲ್ಲಿ ಫಿಜಿಯೋಥೆರಪಿಸ್ಟ್ ಒಬ್ಬರಿಗೆ ತೋರಿಸಿ, ಅವರು ಕಲಿಸಿದ್ದನ್ನು ಮನೆಯಲ್ಲಿ ದಿನವೂ ಹಲವು ಸರದಿಯಲ್ಲಿ ಮಾಡಿಸಿರಿ. ಎಲ್ಲರೂ ರಬ್ಬರ್ ಚೆಂಡು ಹಿಸುಕಲು ಹೇಳುತ್ತಾರೆ; ಮುಚ್ಚಲು ಬಂದು ಬಿಚ್ಚಲು ಬಾರದ ಕೈಗೆ ಬೇಕಾದುದು ಹಿಡಿಯುವುದಕ್ಕಿಂತ ಬಿಡುವ ಅಭ್ಯಾಸ. ನೂಲು ಸುತ್ತಿದ ಕಂಡಿಕೆಯನ್ನು ಒಂದು ಬುಟ್ಟಿಯಿಂದ ತೆಗೆದು ಇನ್ನೊಂದರಲ್ಲಿ ಬಿಡಲಿ, ಖಾಲಿ ಲೋಟ ಸರಿಸಲಿ, ರೊಟ್ಟಿ ಮುರಿಯಲು ಬಲಗೈಯನ್ನೂ ಬಳಸಲಿ. ನೇಕಾರರ ಬೆರಳಿಗೆ ನೂಲಿನ ನೆನಪಿದೆ. ಪರದೆಯ ಚುಕ್ಕೆಗಿಂತ ಅದು ಅವರನ್ನು ಹೆಚ್ಚು ಎಳೆದೀತು. ಬೆರಳುಗಳು ದಿನೇದಿನೇ ಬಿಗಿಯುತ್ತಿದ್ದರೆ ಮಾತ್ರ ತಡಮಾಡದೆ ನರರೋಗ ತಜ್ಞರನ್ನು ಕಾಣಿರಿ. ಬಿಗಿತ ಸಡಿಲಿಸುವ ಚುಚ್ಚುಮದ್ದು ಇದೆ.

ಇನ್ನೊಂದು ಮಾತು: ಅವರನ್ನು ಎಬ್ಬಿಸುವಾಗ ಬಲಗೈ ಹಿಡಿದು ಜಗ್ಗಬೇಡಿರಿ. ಸೋತ ಭುಜದ ಕೀಲು ಸರಿದು ನೋವು ಶುರುವಾದರೆ, ಅವರು ಆ ಕೈಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ.