ಯಾರೂ ಹೊಡೆದಿಲ್ಲ ಮೇಡಂ, ಬರೀ ಮಾತು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ತಮ್ಮ, ತೋಟದ ಯಜಮಾನಿಕೆ ನಡೆಸುವ ಅಣ್ಣ. ಊಟಕ್ಕೆ ಕೂತಾಗ, ಅಡಿಕೆ ಗೊನೆ ಕೊಯ್ಯುವ ಆಳುಗಳ ಎದುರು, ಅಣ್ಣನದು ಒಂದೇ ಮಾತು: 'ತಿನ್ನೋಕೆ ಒಬ್ಬ ಜಾಸ್ತಿ ಆದ.' ತಮ್ಮನಿಗೆ ನಿದ್ದೆ ಹೋಯಿತು, ಹಸಿವು ಹೋಯಿತು. ನೆಂಟರ ಮದುವೆಗೂ ಹೋಗೋದು ಬಿಟ್ಟರು. ಮನೋವೈದ್ಯರು ಖಿನ್ನತೆ ಎಂದು ಗುರುತಿಸಿ, ಮಾತ್ರೆ ಬರೆದು, ನನ್ನ ಹತ್ತಿರ ಸಲಹೆಗೆ ಕಳಿಸಿದ್ದರು.

ಕೂಡು ಮನೆಗಳಿಂದ ಇಂಥವರು ಮತ್ತೆ ಮತ್ತೆ ಬರುತ್ತಾರೆ. ಸೊಸೆಯರೇ ಜಾಸ್ತಿ. 'ಯಾರೂ ಹೊಡೆದಿಲ್ಲ ಮೇಡಂ, ಬರೀ ಮಾತು' ಅಂತಲೇ ಶುರು ಮಾಡುತ್ತಾರೆ.

ಒಂದು ಸಲ ಅಣ್ಣನನ್ನೂ ಕರೆಸಿದೆ. 'ಇವನ ಮೈಗೇನೂ ಆಗಿಲ್ಲ. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಯ್ತು' ಅಂದರು.

ಆಗಿರೋದು ಮೈಗೇ ಅಂದೆ. ಅವಮಾನವಾದಾಗ ಮಿದುಳಿನ ಹೈಪೊಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸೂಚನೆ ಹೋಗುತ್ತದೆ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಸಾಕು ಅನ್ನಿಸಿದಾಗ ಮಿದುಳೇ ಅದನ್ನು ತಡೆಯಬೇಕು. ದಿನಾ ಇದೇ ಆದರೆ ಆ ತಡೆಯೇ ಸಡಿಲವಾಗಬಹುದು.

ಆಮೇಲೆ ಇಲಿಗಳ ಪ್ರಯೋಗ ಹೇಳಿದೆ. ಸಣ್ಣ ಇಲಿಯನ್ನು ಜಗಳಗಂಟ ದೊಡ್ಡ ಇಲಿಯ ಪಂಜರದಲ್ಲಿ ದಿನಕ್ಕೆ ಕೆಲವೇ ನಿಮಿಷ ಬಿಡುತ್ತಾರೆ. ಉಳಿದ ಹೊತ್ತೆಲ್ಲ ನಡುವೆ ತೂತುಗಳಿರುವ ಪಾರದರ್ಶಕ ಹಲಗೆ. ಕಚ್ಚೋಕಾಗಲ್ಲ. ಆದರೆ ಕಣ್ಣೆದುರೇ ಇರುತ್ತದೆ, ವಾಸನೆ ಬರುತ್ತಿರುತ್ತದೆ. 10 ದಿನ ಹೀಗಾದರೆ ಬಹಳಷ್ಟು ಇಲಿಗಳು ಬೇರೆ ಇಲಿಯ ಹತ್ತಿರ ಸುಳಿಯೋದೇ ಇಲ್ಲ. ಮಿದುಳಿನಲ್ಲಿ ಆಸೆ, ಖುಷಿ ಹುಟ್ಟಿಸುವ, ಡೋಪಮಿನ್ ಎಂಬ ರಾಸಾಯನಿಕದ ಹಾದಿಯೇ ಬದಲಾಗಿರುತ್ತದೆ. ಕೆಲವು ತಡೆದುಕೊಳ್ಳುತ್ತವೆ, ನಿಜ. ತಡೆದುಕೊಳ್ಳದ್ದು ಆ ಇಲಿಯ ತಪ್ಪಲ್ಲ.

ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ತಮ್ಮ ಕೇಳಿದರು: 'ಆ ಇಲಿಗೆ ಆಮೇಲೆ ಬೇರೆ ಪಂಜರ ಕೊಟ್ರಾ ಮೇಡಂ?'

ಕೊಟ್ಟರು. ಆದರೂ ನಾಲ್ಕು ವಾರ ಕಳೆದ ಮೇಲೂ ಅದು ಹಿಂಜರಿಯುತ್ತಲೇ ಇತ್ತು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಖಿನ್ನತೆಯ ಔಷಧಿ ಒಂದು ಸಲ ಕೊಟ್ಟಾಗ ಏನೂ ಆಗಲಿಲ್ಲ. ವಾರಗಟ್ಟಲೆ ಕೊಟ್ಟಾಗ ಅದು ಮತ್ತೆ ಇತರ ಇಲಿಗಳ ಹತ್ತಿರ ಬಂತು.

ನನ್ನ ಸಲಹೆ ಹುಟ್ಟಿದ್ದು ಇಲ್ಲೇ. ಜಾಗ ಬದಲಾಗಬೇಕು, ಮಾತ್ರೆಯೂ ನಡೆಯಬೇಕು. ಒಂದಿದ್ದರೆ ಇನ್ನೊಂದು ಬೇಡ ಅನ್ನುವಂತಿಲ್ಲ. ತಮ್ಮ ಕೆಲವು ತಿಂಗಳು ಪೇಟೆಯಲ್ಲಿ ಅಕ್ಕನ ಮನೆಯಲ್ಲಿರಲಿ. ವಾಪಸು ಬಂದ ಮೇಲೆ ತೋಟದ ಒಂದು ಭಾಗದ ಲೆಕ್ಕ, ಬಟವಾಡೆ ಪೂರ್ತಿ ಅವರದೇ. ಅಣ್ಣ ಏನೇ ಹೇಳುವುದಿದ್ದರೂ ಇಬ್ಬರೇ ಇದ್ದಾಗ. ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ.

'ನೀವು ಮನೆ ಒಡೀತಿದ್ದೀರಿ' ಅಂತ ಹಿರಿಯರೊಬ್ಬರು ಫೋನ್ ಮಾಡಿ ಬೈದರು. ಒಬ್ಬರ ಆರೋಗ್ಯ ತಿಂದು ಉಳಿಯುವ ಒಗ್ಗಟ್ಟನ್ನು ಕಾಪಾಡಿ ಅಂತ ನಾನು ಯಾರಿಗೂ ಹೇಳಲಾರೆ. ಮನಸ್ಸು ಗಟ್ಟಿ ಮಾಡ್ಕೋ ಅನ್ನುವುದು ಚಿಕಿತ್ಸೆಯೂ ಅಲ್ಲ, ಸಮಾಧಾನವೂ ಅಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಎರಡು ವಾರಕ್ಕಿಂತ ಜಾಸ್ತಿ ಹೀಗೆ ಮಂಕಾಗಿದ್ದರೆ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರಂತೂ ಬೆಳಗಾಗಲಿ ಅಂತ ಕಾಯಬೇಡಿ.