ತಾತನ 1969ರ ಜಾವಾ 250 ಇಂಜಿನ್ ಸೀಜ್ ಆಗಿದೆ. ರಿಪೇರಿ ಮಾಡಿಸಲೇ, ಬೇರೆ ಇಂಜಿನ್ ಹಾಕಿಸಲೇ?

ದಯವಿಟ್ಟು ಬೇರೆ ಇಂಜಿನ್ ಹಾಕಿಸಬೇಡಿ. ಗಾಡಿ ಹೈವೇಯಲ್ಲಿ ಜಾಮ್ ಆಗಿ (ಸೀಜ್ ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಳ್ಳುವುದು) ನಿಂತಿತು, ಗುಜರಿಯಿಂದ ಯೆಜ್ಡಿ ಇಂಜಿನ್ ತಂದು ಕೂರಿಸೋಣ ಅಂತ ಮೆಕ್ಯಾನಿಕ್ ಹೇಳಿದರು ಅಂತ ಬರೆದಿದ್ದೀರಿ. ಆದರೆ ಅವರು ಇನ್ನೂ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಕೂಡ ಬಿಚ್ಚಿಲ್ಲ. ಒಳಗೆ ನೋಡದೆ ಇಂಜಿನ್ ಹೋಯ್ತು ಅನ್ನೋದು ಹೇಗೆ?

ಇದು ಟೂ ಸ್ಟ್ರೋಕ್, ಒಂದೇ ಸಿಲಿಂಡರ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಕೆಡುವುದು ಪಿಸ್ಟನ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ), ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನು ತಿರುಗಾಟ ಮಾಡುವ ದಂಡ), ಬೇರಿಂಗ್, ಸೀಲ್. ಎಲ್ಲವೂ ಸರಿ ಮಾಡಬಹುದಾದವೇ. ಜಾವಾ ಮಾಡುತ್ತಿದ್ದ ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿದರೂ ಈ ಸಾಮಾನುಗಳು ಇವತ್ತಿಗೂ ಸಿಗುತ್ತವೆ. ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಕೂರುವ ಹೊರಕವಚ) ಒಡೆದು ಹೋಗಿದ್ದರೆ ಮಾತ್ರ ಬೇರೆ ಯೋಚನೆ.

ಕಿಕ್ಕರ್ ಮೇಲೆ ಹತ್ತಿ ತುಳಿಯಬೇಡಿ. ಪ್ಲಗ್ ತೆಗೆದು ಸ್ವಲ್ಪ ಡೀಸೆಲ್ ಹಾಕಿ ರಾತ್ರಿ ಬಿಡಿ. ಆಮೇಲೆ ಹೆಡ್, ಸಿಲಿಂಡರ್ ಬಿಚ್ಚಿಸಿ, ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿ. ಎಕ್ಸಾಸ್ಟ್ ಕಡೆ ಮಾತ್ರ ಉದ್ದಕ್ಕೆ ಗೀಚಿದ್ದರೆ ಕಾವು ಜಾಸ್ತಿಯಾಗಿದೆ ಇಲ್ಲವೇ ಪೆಟ್ರೋಲಿಗೆ ಬೆರೆಸುವ ಟೂಟಿ (2T) ಆಯಿಲ್ ಸಾಲಲಿಲ್ಲ. ಸುತ್ತಲೂ ಗೀಚಿದ್ದರೆ ಬೋರ್ ಬಿಗಿಯಿದ್ದಿರಬಹುದು. ಪಿಸ್ಟನ್ನಿನ ತಲೆಯಲ್ಲಿ ತೂತು ಬಿದ್ದಿದ್ದರೆ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಮತ್ತು ಕಾರ್ಬುರೇಟರ್ ನೋಡಬೇಕು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ನೇರ ಮೇಲಕ್ಕೆ, ಕೆಳಕ್ಕೆ ಎಳೆದು ನೋಡಿ. ಅಕ್ಕಪಕ್ಕ ಸ್ವಲ್ಪ ಆಡಿದರೆ ಪರವಾಗಿಲ್ಲ, ಮೇಲೆ ಕೆಳಗೆ ಟಕ್ ಅಂದರೆ ಕ್ರ್ಯಾಂಕ್ ಕೆಲಸವೂ ಇದೆ.

ಸೀಜ್ ಯಾಕಾಯಿತು ಅಂತ ಗೊತ್ತಾಗುವವರೆಗೆ ಹೊಸ ಪಿಸ್ಟನ್ ಹಾಕಿಸಬೇಡಿ, ಅದೂ ಹಾಗೇ ಹೋಗುತ್ತದೆ. ಹಳೇ ಜಾವಾಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಕ್ರ್ಯಾಂಕ್ ಸೀಲ್ ಮೇಲೆ. ಡೈನಮೋ ಕಡೆ ಸೀಲ್ ಸವೆದರೆ ಗಾಳಿ ಎಳೆಯುತ್ತದೆ. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಜೊತೆ ಬರುವ ಆಯಿಲ್ ಕೂಡ ಕಡಿಮೆ ಬಿದ್ದಂತೆಯೇ. ಕ್ಲಚ್ ಕಡೆ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ. ಇತ್ತೀಚೆಗೆ ಗೇರ್‌ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗ್ತಾ ಇತ್ತಾ? ನೆನಪು ಮಾಡಿಕೊಳ್ಳಿ.

ಬೋರಿಂಗ್ (ಸಿಲಿಂಡರಿನ ಒಳಗನ್ನು ಕೊರೆದು ಸರಿ ಮಾಡುವುದು) ವಿಷಯದಲ್ಲಿ ಅವಸರ ಬೇಡ. ಮೂಲ ಬೋರ್ 65 ಮಿ.ಮೀ. ಈಗ ಎಷ್ಟಿದೆ ಅಂತ ಅಳೆಸಿ. ಓವರ್‌ಸೈಜ್ ಪಿಸ್ಟನ್ ಮೊದಲು ಕೈಗೆ ಬರಲಿ, ಅದನ್ನೇ ಲೇತಿನವರಿಗೆ ಕೊಟ್ಟು ಅದಕ್ಕೆ ತಕ್ಕಂತೆ ಬೋರ್ ಮಾಡಿಸಿ. ಬೋರ್ ತೀರಾ ದೊಡ್ಡದಾಗಿಬಿಟ್ಟಿದ್ದರೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಬಹುದು. ಕೆಲಸ ಮುಗಿದ ಮೇಲೆ ಒಳಗೆ ಬೆರಳಾಡಿಸಿ. ಪೋರ್ಟಿನ (ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿ) ಅಂಚು ಬ್ಲೇಡಿನ ಹಾಗೆ ಕೊಯ್ಯುವಂತಿದ್ದರೆ ವಾಪಸ್ ಕೊಡಿ. ಆ ಅಂಚನ್ನು ಸಣ್ಣಗೆ ಉಜ್ಜಿ ಮೊಂಡು ಮಾಡಲೇಬೇಕು. ಇಲ್ಲದಿದ್ದರೆ ಪಿಸ್ಟನ್ನಿನ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ಎಷ್ಟೋ ಕಡೆ ಇದನ್ನೇ ಬಿಟ್ಟುಬಿಡುತ್ತಾರೆ.

ಕ್ರ್ಯಾಂಕ್ ಬಿಚ್ಚುವುದಾದರೆ ಕೇಸಿನ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಲು ಬಿಡಬೇಡಿ. ಒಂದು ಗೀರು ಬಿದ್ದರೂ ಅಲ್ಲಿಂದ ಗಾಳಿ ಸೋರುತ್ತದೆ. ಪ್ರೆಸ್ಸಿನಲ್ಲಿ ಹೊಸ ಪಿನ್, ರಾಡ್ ಕೂರಿಸಿ, ಡಯಲ್ ಗೇಜ್ ಇಟ್ಟು ನೇರ ಮಾಡುವವರ ಹತ್ತಿರವೇ ಕೊಡಿ. ಸುತ್ತಿಗೆಯಲ್ಲಿ ಬಡಿದು ಅಂದಾಜಿಗೆ ಕೂರಿಸಿದ ಕ್ರ್ಯಾಂಕ್ ಬೇರಿಂಗನ್ನೇ ತಿಂದುಹಾಕುತ್ತದೆ.

ಇನ್ನು ಕಾಗದದ ವಿಷಯ. ನಿಮ್ಮ ಆರ್‌ಸಿಯಲ್ಲಿರುವುದು ಈ ಇಂಜಿನ್ ನಂಬರ್. ಬೇರೆ ಇಂಜಿನ್ ಹಾಕಿದರೆ ಆರ್‌ಟಿಒದಲ್ಲಿ ಅದನ್ನು ಬರೆಸಬೇಕು. ಗುಜರಿ ಇಂಜಿನ್ ಯಾವ ಗಾಡಿಯದೋ, ಅದರ ದಾಖಲೆ ಎಲ್ಲಿಂದ ತರುತ್ತೀರಿ? 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಚಾಸಿ, ಇಂಜಿನ್ ದೊಡ್ಡದಾಗಿ ಮಾರ್ಪಾಡಾಗದೆ ಮೂಲ ರೂಪದಲ್ಲೇ ಇರಬೇಕು. ಮುಂದೆ ಅದು ಬೇಕು ಅನ್ನಿಸಿದರೆ ಈ ಇಂಜಿನ್ನೇ ನಿಮಗೆ ಆಸರೆ.

ರಿಪೇರಿ ಆದ ಮೇಲೆ ಮೊದಲ ಸಾವಿರ ಕಿಲೋಮೀಟರ್ ಲೀಟರಿಗೆ 50 ಮಿ.ಲೀ. ಟೂಟಿ ಆಯಿಲ್ ಹಾಕಿ, ಆಮೇಲೆ 40. ಆಕ್ಸಿಲರೇಟರ್ ಪೂರ್ತಿ ತಿರುಗಿಸಬೇಡಿ, ಏರುಗಳಲ್ಲಿ ಗೇರ್ ಇಳಿಸಿ. ಸಿಲಿಂಡರ್ ಬಿಚ್ಚಿದ ದಿನ ಪಿಸ್ಟನ್ನಿನ ಎರಡೂ ಬದಿ ಫೋಟೊ ಹಾಕಿ. ಯಾಕೆ ಸೀಜ್ ಆಗಿರಬಹುದು ಅಂತ ನೋಡಿ ಹೇಳುತ್ತೇನೆ.