ಆ ಪುಟ್ಟ ಶಾಲೆಯ ಅಂಕಿಗಳ ಕುರಿತು

ನೀವು ನೋಡಿಟ್ಟಿರುವ ಬಾಡಿಗೆ ಮನೆಯ ವಿಳಾಸಕ್ಕೆ ನಿಗದಿಯಾಗಿರುವ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇನ್ನೂರು ಚಿಲ್ಲರೆ ಮಕ್ಕಳಷ್ಟೇ ಇದ್ದಾರೆ, ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಿದವರು ಅರ್ಧಕ್ಕಿಂತ ಕಡಿಮೆ, ಬಹುಪಾಲು ಮಕ್ಕಳು ಬಡ ಕುಟುಂಬದವರು, ಇಂಥಲ್ಲಿಗೆ ಮಗನನ್ನು ಕಳುಹಿಸಬಹುದೇ ಎಂದು ಕೇಳಿದ್ದೀರಿ. ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸದರಲ್ಲಿ ನಾನೂ ಇದನ್ನೇ ಕೇಳಿದ್ದೆ. ದಾಖಲಾತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜನನ ಪ್ರಮಾಣಪತ್ರ, ಲಸಿಕೆಯ ದಾಖಲೆ ಮತ್ತು ವಿಳಾಸದ ಪುರಾವೆ ಒಯ್ದರೆ ಉಳಿದದ್ದನ್ನು ಕಚೇರಿಯವರೇ ಹೇಳುತ್ತಾರೆ.

ಅಂಕಿಗಳ ವಿಷಯಕ್ಕೆ ಬರೋಣ. ಇಲ್ಲಿ ರಾಜ್ಯದ ಪರೀಕ್ಷೆ ಆರಂಭವಾಗುವುದೇ 3ನೇ ತರಗತಿಯಿಂದ, ಆದ್ದರಿಂದ 5ನೇ ತರಗತಿಯವರೆಗಿನ ಶಾಲೆಯ ಹಣೆಬರಹವನ್ನು ಮೂರೇ ತರಗತಿಯ ಮಕ್ಕಳು ಬರೆಯುತ್ತಾರೆ. ನಮ್ಮ ಮಗಳು 3ನೇ ತರಗತಿಯಲ್ಲಿದ್ದ ವರ್ಷ ಅವಳ ಶಾಲೆಯ ಆ ತರಗತಿಯ ಗಣಿತದ ಫಲಿತಾಂಶ ಶೇ 58ರಿಂದ ಶೇ 47ಕ್ಕೆ ಇಳಿಯಿತು. ಎಸ್‌ಎಸ್‌ಎಲ್‌ಸಿಯ ಜಿಲ್ಲಾವಾರು ಪಟ್ಟಿ ನೋಡಿ ಬೆಳೆದವನು ನಾನು. ಹೆದರಿ, ಹೆಚ್ಚು ಬಾಡಿಗೆ ತೆತ್ತು ದೊಡ್ಡ ಶಾಲೆಯ ವ್ಯಾಪ್ತಿಗೆ ಮನೆ ಬದಲಿಸಿದೆ. ವರ್ಷ ಕಳೆದ ಮೇಲೆ ಒಂದು ರಾತ್ರಿ ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಾಗ ತಿಳಿದದ್ದು ಇಷ್ಟೇ: ಎರಡೂ ವರ್ಷ ಪರೀಕ್ಷೆ ಬರೆದವರು ತಲಾ 36 ಮಕ್ಕಳು, ಮಟ್ಟ ಮುಟ್ಟಿದವರು ಮೊದಲು 21, ಆಮೇಲೆ 17. ನಾಲ್ಕು ಮಕ್ಕಳು! ಆ ನಾಲ್ವರಿಗಾಗಿ, ಮಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ ಗ್ರಂಥಪಾಲಕಿಯನ್ನೂ ಪ್ರಾಂಶುಪಾಲರನ್ನೂ ನಾನು ಅವಳಿಂದ ದೂರ ಮಾಡಿದೆ. ಕೊನೆಯ ದಿನ ಸಹಪಾಠಿಗಳೆಲ್ಲ ಸಹಿ ಹಾಕಿಕೊಟ್ಟ ಹಳದಿ ಹಾಳೆ ಈಗಲೂ ಅವಳ ಮೇಜಿನ ಖಾನೆಯಲ್ಲಿದೆ, ನಾನು ಅದನ್ನು ನೋಡಿಲ್ಲದವನಂತೆ ಇದ್ದೇನೆ.

ಮಕ್ಕಳ ಹಿನ್ನೆಲೆಗೆ ತಕ್ಕಂತೆ ಗುಂಪು ಮಾಡಿ ಫಲಿತಾಂಶ ಕೊಡುವ ಕೋಷ್ಟಕವನ್ನೂ ಹೀಗೆಯೇ ಎಚ್ಚರದಿಂದ ಓದಿ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಗುಂಪಿನ ಅಂಕ ಎಂದಿಗೂ ಕೆಳಗೇ ಇರುವಂತೆ ಕಾಣುತ್ತದೆ, ಏಕೆಂದರೆ ಭಾಷೆಯಲ್ಲಿ ಪಳಗಿದ ಮಗುವನ್ನು ಆ ಗುಂಪಿನಿಂದಲೇ ಹೊರಗೆ ತೆಗೆಯುತ್ತಾರೆ. ದಾಖಲಾತಿಯ ವೇಳೆ ಮನೆಮಾತು ಕನ್ನಡವೆಂದು ಬರೆದರೆ ನಿಮ್ಮ ಮಗನಿಗೂ ಇಂಗ್ಲಿಷ್ ಮಟ್ಟದ ಪರೀಕ್ಷೆ ಇರುತ್ತದೆ. ಆದರೂ ನಿಜವನ್ನೇ ಬರೆಯಿರಿ. ಬಡ ಕುಟುಂಬ ಎಂಬ ಗುಂಪಿನಲ್ಲಿ ರಿಯಾಯಿತಿ ಊಟಕ್ಕೆ ಅರ್ಹರಾದವರ ಜೊತೆ, ತಂದೆ ತಾಯಿ ಪ್ರೌಢಶಾಲೆ ಮುಗಿಸದ ಮಕ್ಕಳೂ ಸೇರುತ್ತಾರೆ. ಹಾಗೆ ನೋಡಿದರೆ ನನ್ನ ಅಪ್ಪನ ಮಗನಾದ ನಾನೂ ಅದರಲ್ಲೇ ಬರುತ್ತಿದ್ದೆ. ಯಾವುದೇ ಗುಂಪಿನಲ್ಲಿ ಪರೀಕ್ಷೆ ಬರೆದವರು ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಂಕಿಯ ಬದಲು ನಕ್ಷತ್ರದ ಗುರುತಿರುತ್ತದೆ, ಅದನ್ನು ಸೊನ್ನೆಯೆಂದು ತಿಳಿಯಬೇಡಿ.

ಇನ್ನೊಂದು ಮಾತು. ಶಾಲಾ ದಿನಗಳಲ್ಲಿ ಶೇ 10ರಷ್ಟು ತಪ್ಪಿಸಿಕೊಂಡ ಮಗುವನ್ನು ದೀರ್ಘಕಾಲದ ಗೈರುಹಾಜರಿಯ ಲೆಕ್ಕಕ್ಕೆ ಸೇರಿಸುತ್ತಾರೆ. 180 ದಿನಗಳ ವರ್ಷದಲ್ಲಿ ಅದು 18 ದಿನ, ಅಂದರೆ ಊರಿಗೆ ಒಂದು ಪ್ರಯಾಣ. ಚಿಕ್ಕ ಶಾಲೆಯ ಪಟ್ಟಿಯಲ್ಲಿ ಒಂದು ಮಗುವೂ ಎದ್ದು ಕಾಣುತ್ತದೆ, ಹಾಗಾಗಿ ಬೇಸಿಗೆ ರಜೆಯಲ್ಲೇ ಹೋಗಿ ಬನ್ನಿ. ಆಗ ಅಲ್ಲಿ ಮಳೆಗಾಲ ಇರುತ್ತದೆ, ದಸರಾ ದೀಪಾವಳಿಯೂ ಸಿಗುವುದಿಲ್ಲ.